ಮಗಳು ಒಬ್ಬಳೇ ಹೊರಟಿದ್ದಾಳೆ: ಹೆದರಬೇಕಾದ್ದು ಗುಹೆಗೋ, ಮರಳಿಗೋ?

ಪ್ರಶ್ನೆ: ನಮ್ಮ ಮಗಳು ಟೆಕ್ಸಾಸಿನ ಎಲ್ ಪಾಸೊದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಬೇಸಿಗೆ ರಜೆಯಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಒಬ್ಬಳೇ ವೈಟ್ ಸ್ಯಾಂಡ್ಸ್ ಮರಳುಗಾಡನ್ನೂ ಕಾರ್ಲ್ಸ್‌ಬ್ಯಾಡ್ ಗುಹೆಗಳನ್ನೂ ನೋಡಿ ಬರುತ್ತೇನೆ, ದಿನಕ್ಕೆರಡು ಬಾರಿ ಫೋನ್ ಮಾಡುತ್ತೇನೆ ಎನ್ನುತ್ತಾಳೆ. ನೆಲದಡಿಯ ಗುಹೆಗೆ ಒಂಟಿಯಾಗಿ ಇಳಿಯುವುದು ಸುರಕ್ಷಿತವೇ?
– ಸರಸ್ವತಿಪುರಂ, ಮೈಸೂರಿನ ಓದುಗರು

ಉತ್ತರ: ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿರುವ ಮನೆಗಳಿಂದ ಇಂಥ ಪ್ರಶ್ನೆ ಆಗಾಗ ಬರುತ್ತದೆ, ಮತ್ತು ತಂದೆತಾಯಿಯರ ಭಯವೆಲ್ಲ ಸಾಮಾನ್ಯವಾಗಿ ಗುಹೆಯ ಮೇಲೆಯೇ ಇರುತ್ತದೆ. ನಾನು ತಿಳಿದಂತೆ ಈ ಪ್ರವಾಸದಲ್ಲಿ ಅತ್ಯಂತ ನಿಶ್ಚಿಂತೆಯಿಂದ ಕಳೆಯಬಹುದಾದ ಹೊತ್ತು ಗುಹೆಯೊಳಗಿನದೇ. ಎಚ್ಚರ ಬೇಕಾಗಿರುವುದು ನೆಲದ ಮೇಲೆ.

ನ್ಯೂ ಮೆಕ್ಸಿಕೊ ರಾಜ್ಯದ ಕಾರ್ಲ್ಸ್‌ಬ್ಯಾಡ್ ಕ್ಯಾವರ್ನ್ಸ್ 1930ರಿಂದ ರಾಷ್ಟ್ರೀಯ ಉದ್ಯಾನವಾಗಿದೆ. ಜನಸಾಮಾನ್ಯರು ನೋಡುವ ಭಾಗದಲ್ಲಿ ಗಟ್ಟಿ ನೆಲದ ಕಾಲುದಾರಿ, ಹಿಡಿದುಕೊಳ್ಳಲು ಕಂಬಿ, ದೀಪಗಳು ಮತ್ತು ಉದ್ಯಾನದ ಸಿಬ್ಬಂದಿ ಇರುತ್ತಾರೆ. ಒಳಗೆ ಹೋಗಲು ನಿಗದಿತ ಸಮಯದ ಮುಂಗಡ ಟಿಕೆಟ್ ಬೇಕಾಗುವುದರಿಂದ ಯಾರೂ ಕಣ್ತಪ್ಪಿಸಿ ನುಸುಳುವಂತಿಲ್ಲ. ಸಹಜ ದ್ವಾರದಿಂದ ನಡೆದು ಇಳಿದರೆ ಸುಮಾರು 2 ಕಿ.ಮೀ. ಹಾದಿಯಲ್ಲಿ 750 ಅಡಿ ಆಳಕ್ಕೆ ತಲುಪುತ್ತೇವೆ. ಇಳಿಜಾರು ಕಡಿದಾಗಿರುವುದರಿಂದ ಮಂಡಿನೋವಿರುವವರು ಲಿಫ್ಟ್‌ನಲ್ಲೇ ಇಳಿದು ಹತ್ತಬಹುದು. ಒಳಗಿನ ಉಷ್ಣಾಂಶ ವರ್ಷವಿಡೀ ಸುಮಾರು 13 ಡಿಗ್ರಿ ಸೆಲ್ಸಿಯಸ್. ಚಳಿಗಾಲದ ಭಾರವಾದ ತಣ್ಣನೆಯ ಗಾಳಿ ಆ ದೊಡ್ಡ ದ್ವಾರದ ಮೂಲಕ ಕೆಳಕ್ಕೆ ಇಳಿದು ಅಲ್ಲಿಯೇ ಉಳಿಯುತ್ತದೆ, ಬೇಸಿಗೆಯ ಹಗುರವಾದ ಬಿಸಿಗಾಳಿ ಅದನ್ನು ಹೊರದೂಡಲಾರದು. ಆದುದರಿಂದ ಹೊರಗೆ ಎಷ್ಟೇ ಬಿಸಿಲಿದ್ದರೂ ಒಂದು ಸ್ವೆಟರ್ ಕೈಯಲ್ಲಿರಲಿ, ಜಾರದ ಶೂ ಕಾಲಲ್ಲಿರಲಿ. ಆ ಶೂವನ್ನು ಈ ಮೊದಲು ಬೇರೆ ಯಾವುದೇ ಗುಹೆಯಲ್ಲಿ ಹಾಕಿರಬಾರದು, ಏಕೆಂದರೆ ಬಾವಲಿಗಳನ್ನು ಕೊಲ್ಲುವ ಒಂದು ಬಗೆಯ ಶಿಲೀಂಧ್ರ ಮನುಷ್ಯರ ಬಟ್ಟೆ ಮತ್ತು ಪಾದರಕ್ಷೆಗಳಿಗೆ ಅಂಟಿ ಗುಹೆಯಿಂದ ಗುಹೆಗೆ ಹರಡಬಲ್ಲದು.

ಈ ಗುಹೆಗಳು ಹುಟ್ಟಿದ ಬಗೆಯೂ ಅಪರೂಪದ್ದು. ಸಾಮಾನ್ಯವಾಗಿ ಸುಣ್ಣಕಲ್ಲಿನ ಗುಹೆಗಳನ್ನು ಮಳೆನೀರಿನ ಸೌಮ್ಯವಾದ ಆಮ್ಲ ಮೇಲಿನಿಂದ ಕೊರೆಯುತ್ತದೆ. ಇಲ್ಲಿ ಭೂಗರ್ಭದ ತೈಲ ನಿಕ್ಷೇಪಗಳಿಂದ ಮೇಲೆದ್ದ ಹೈಡ್ರೋಜನ್ ಸಲ್ಫೈಡ್ ಅನಿಲವು ನೀರಿನಲ್ಲಿದ್ದ ಆಮ್ಲಜನಕದೊಂದಿಗೆ ಸೇರಿ ಗಂಧಕಾಮ್ಲವಾಗಿ, ಪ್ರಾಚೀನ ಸಮುದ್ರದಲ್ಲಿ ಬೆಳೆದಿದ್ದ ಸುಣ್ಣಕಲ್ಲಿನ ದಿಬ್ಬವನ್ನು ಕೆಳಗಿನಿಂದ ಕರಗಿಸಿತು. ಅಷ್ಟು ವಿಶಾಲವಾದ ಕೋಣೆಗಳು ಅಲ್ಲಿರುವುದು ಇದರಿಂದಲೇ.

ಈಗ ಮರಳಿನ ಮಾತು. ವೈಟ್ ಸ್ಯಾಂಡ್ಸ್‌ನಲ್ಲಿರುವುದು ನಾವು ಕಂಡ ನದಿಯ ಮರಳಲ್ಲ, ಜಿಪ್ಸಮ್ ಎಂಬ ಬಿಳಿ ಖನಿಜ. ಸುತ್ತಲಿನ ಬೆಟ್ಟಗಳಿಂದ ಮಳೆ ಮತ್ತು ಹಿಮದ ನೀರು ಕರಗಿಸಿ ತಂದ ಜಿಪ್ಸಮ್, ಹೊರಹರಿವಿಲ್ಲದ ಕಣಿವೆಯಲ್ಲಿ ನೀರು ಆವಿಯಾದ ಮೇಲೆ ಹರಳುಗಟ್ಟಿ, ಗಾಳಿಗೆ ಪುಡಿಯಾಗಿ ಸುಮಾರು 700 ಚದರ ಕಿ.ಮೀ. ಬಿಳಿ ದಿಬ್ಬಗಳಾಗಿ ನಿಂತಿದೆ. ಅದರ ಬಣ್ಣ ಬಿಸಿಲನ್ನು ಹಿಂದಕ್ಕೆ ಚೆಲ್ಲುವುದರಿಂದ ಸುಡು ಮಧ್ಯಾಹ್ನದಲ್ಲಿಯೂ ಪಾದಕ್ಕೆ ತಂಪಾಗಿಯೇ ಇರುತ್ತದೆ. ಅಪಾಯ ಹುಟ್ಟುವುದು ಈ ತಂಪಿನಿಂದಲೇ: ಕಾಲು ಸುಡದಿದ್ದಾಗ ನಡೆಯುವವರು ಬಿಸಿಲನ್ನು ಲೆಕ್ಕಕ್ಕೆ ಇಡುವುದಿಲ್ಲ. ಒಣಗಾಳಿಯಲ್ಲಿ ಬೆವರು ಚರ್ಮದ ಮೇಲೆ ನಿಲ್ಲದೆ ಆರಿಹೋಗುವುದರಿಂದ ಅಂಗಿ ಒದ್ದೆಯಾಗುವುದಿಲ್ಲ, ದೇಹದಿಂದ ಎಷ್ಟು ನೀರು ಹೋಯಿತೆಂಬುದೂ ಗೊತ್ತಾಗುವುದಿಲ್ಲ. ತಾಪ ಹೆಚ್ಚಾದಂತೆ ಮೊದಲು ಮಂಕಾಗುವುದು ವಿವೇಚನೆ. ಜೊತೆಗಾರರಿದ್ದರೆ ‘ಯಾಕೆ ಹೀಗೆ ತೊದಲುತ್ತಿದ್ದೀಯ’ ಎಂದು ಕೇಳಿಯಾರು, ಒಂಟಿಯಾಗಿದ್ದರೆ ಕೇಳುವವರಿಲ್ಲ. ಒಂಟಿತನದ ನಿಜವಾದ ತೊಡಕು ಇದೊಂದೇ ಎಂದು ನನಗನಿಸುತ್ತದೆ. ಆದರೂ ಜೊತೆಯಿದ್ದ ಮಾತ್ರಕ್ಕೆ ಕ್ಷೇಮವೆನ್ನುವಂತಿಲ್ಲ: 2015ರ ಆಗಸ್ಟ್‌ನಲ್ಲಿ ಅಲ್ಲಿನ ಆಲ್ಕಲಿ ಫ್ಲಾಟ್ ಹಾದಿಯಲ್ಲಿ ಫ್ರಾನ್ಸಿನ ದಂಪತಿ ಬಿಸಿಲಿಗೆ ಸಿಕ್ಕಿ ತೀರಿಕೊಂಡರು, ಜೊತೆಗಿದ್ದ ಅವರ ಪುಟ್ಟ ಮಗ ಬದುಕುಳಿದ.

ಆ ಹಾದಿ ಹೋಗಿ ಬರಲು ಸುಮಾರು 8 ಕಿ.ಮೀ. ಮಾತ್ರ, ಆದರೆ ದಿಬ್ಬಗಳನ್ನು ಹತ್ತಿ ಇಳಿಯುತ್ತಲೇ ಇರಬೇಕು, ನೆರಳಿಲ್ಲ, ನೀರಿಲ್ಲ. ಕುಡಿಯುವ ನೀರು ಸಿಗುವುದು ಪ್ರವೇಶದ ಬಳಿಯ ಸಂದರ್ಶಕರ ಕೇಂದ್ರದಲ್ಲಿ ಮಾತ್ರ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಷ್ಟು ನೀರಿರಬೇಕು, ಉಷ್ಣಾಂಶ ಸುಮಾರು 30 ಡಿಗ್ರಿ ಮುಟ್ಟಿದ್ದರೆ ನಡಿಗೆಯನ್ನೇ ಆರಂಭಿಸಬಾರದು, ಮುಂದಿನ ಗುರುತುಕಂಬ ಕಣ್ಣಿಗೆ ಬೀಳದಿದ್ದರೆ ಅಲ್ಲಿಂದಲೇ ಹಿಂದಿರುಗಬೇಕು ಎಂಬುದು ವೈಟ್ ಸ್ಯಾಂಡ್ಸ್ ಉದ್ಯಾನದವರದೇ ಸೂಚನೆ. ಗಾಳಿಗೆ ಹೆಜ್ಜೆಗುರುತು ಬಹುಬೇಗ ಅಳಿಸಿಹೋಗುವುದರಿಂದ ಕೊನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬೇಸಿಗೆ ರಜೆ ಎಂದು ನೀವು ಬರೆದಿದ್ದೀರಿ. ಜೂನ್, ಜುಲೈಯಲ್ಲಿ ಹೋಗುವುದಾದರೆ ದೂರದ ಹಾದಿಗಳನ್ನು ಬಿಟ್ಟುಬಿಡಲಿ. ಸುಮಾರು 13 ಕಿ.ಮೀ. ಉದ್ದದ ಒಳರಸ್ತೆಯಲ್ಲಿ ಕಾರಿನಲ್ಲೇ ಸಾಗಿ, ಸಂಜೆ ಕಾರಿನ ಹತ್ತಿರದ ದಿಬ್ಬವನ್ನೇರಿದರೂ ನೋಡಬೇಕಾದ್ದು ಕಾಣುತ್ತದೆ.

ರಸ್ತೆಯ ವಿಷಯಕ್ಕೆ ಬಂದರೆ, ಎಲ್ ಪಾಸೊದಿಂದ ವೈಟ್ ಸ್ಯಾಂಡ್ಸ್‌ಗೆ ಹೆಚ್ಚುಕಡಿಮೆ ಮೈಸೂರು–ಬೆಂಗಳೂರಿನಷ್ಟು ದೂರ, ಕಾರ್ಲ್ಸ್‌ಬ್ಯಾಡ್ ಗುಹೆಗಳಿಗೆ ಸುಮಾರು 230 ಕಿ.ಮೀ. ಮದ್ದೂರಿನಲ್ಲಿ ವಡೆ ತಿಂದು, ರಾಮನಗರದಲ್ಲಿ ಕಾಫಿ ಕುಡಿದು ಸಾಗುವ ನಮ್ಮ ಅಭ್ಯಾಸ ಎರಡನೆಯ ದಾರಿಯಲ್ಲಿ ಕೆಲಸಕ್ಕೆ ಬಾರದು. ಮೈಲುಗಟ್ಟಲೆ ಬಂಕೂ ಇಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಊರು ಬಿಡುವಾಗಲೇ ಟ್ಯಾಂಕ್ ತುಂಬಿಸಿ, ನಕ್ಷೆಯನ್ನು ಫೋನಿಗೆ ಇಳಿಸಿಟ್ಟುಕೊಳ್ಳಬೇಕು. ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆಯಬಾರದು, ಏಕೆಂದರೆ ಹುಡುಕುವವರಿಗೆ ಮೊದಲು ಕಾಣುವುದು ಕಾರು. ವೈಟ್ ಸ್ಯಾಂಡ್ಸ್ ಪಕ್ಕದಲ್ಲೇ ಕ್ಷಿಪಣಿ ಪರೀಕ್ಷಾ ನೆಲೆ ಇರುವುದರಿಂದ ಪರೀಕ್ಷೆಯ ದಿನ ಹೆದ್ದಾರಿಯನ್ನೂ ಉದ್ಯಾನದ ರಸ್ತೆಯನ್ನೂ ಗರಿಷ್ಠ ಮೂರು ಗಂಟೆಗಳ ಕಾಲ ಮುಚ್ಚುವುದುಂಟು. ಹಿಂದಿನ ದಿನವೇ ವಿಚಾರಿಸಲಿ. ಇದು ಮೆಕ್ಸಿಕೊ ಗಡಿಯ ಸೀಮೆಯಾದ್ದರಿಂದ ಹೆದ್ದಾರಿಗಳಲ್ಲಿ ಗಡಿ ಕಾವಲು ಪಡೆಯ ತಪಾಸಣಾ ಠಾಣೆಗಳಿವೆ. ಪಾಸ್‌ಪೋರ್ಟ್ ಹಾಗೂ ವಿದ್ಯಾರ್ಥಿ ವೀಸಾದ ಮೂಲ ಕಾಗದಪತ್ರಗಳು ಕಾರಿನಲ್ಲಿರಲೇಬೇಕು, ಮೊಬೈಲಿನ ಫೋಟೊ ಸಾಲದು.

ದಿನಕ್ಕೆರಡು ಬಾರಿ ನಿಮಗೆ ಫೋನ್ ಮಾಡುತ್ತೇನೆಂಬ ಮಾತು ಸಮಾಧಾನಕರ, ಆದರೆ ಸಾಲದು. ಬೇಸಿಗೆಯಲ್ಲಿ ಎಲ್ ಪಾಸೊ ನಮಗಿಂತ ಹನ್ನೊಂದೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಸಂಜೆ ಏಳಕ್ಕೆ ಅವಳು ಮರಳದಿದ್ದಾಗ ಇಲ್ಲಿ ಬೆಳಗಿನ ಆರೂವರೆ. ಆಗ ನೀವು ಮೈಸೂರಿನಿಂದ ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದರೆ ಅಲ್ಲಿನವರಿಗೆ ತಲುಪುವುದಿಲ್ಲ. ಆದುದರಿಂದ ಹೋಗುವ ಹಾದಿ, ಕಾರಿನ ನಂಬರು, ಮರಳುವ ಹೊತ್ತು ಇಷ್ಟನ್ನೂ ಎಲ್ ಪಾಸೊದಲ್ಲೇ ಇರುವ ಸಹಪಾಠಿಯೊಬ್ಬರಿಗೆ ಬರೆದುಕೊಟ್ಟು, ಇಂಥ ಗಂಟೆಯೊಳಗೆ ಸುದ್ದಿ ಬಾರದಿದ್ದರೆ ಉದ್ಯಾನಕ್ಕೆ ಕರೆ ಮಾಡಬೇಕೆಂದು ಹೇಳಿ ಹೊರಡಲಿ. ಆ ಸಹಪಾಠಿಯ ನಂಬರು ನಿಮ್ಮ ಬಳಿಯೂ ಇರಲಿ.