ಕೋರ್ಟು ‘ಕೊಡಿ’ ಅಂದ ಮೇಲೂ ಕಾರ್ಡಿಗೆ ದುಡ್ಡು ಬರಲಿಲ್ಲ ಯಾಕೆ?

ಓದುಗರ ಪ್ರಶ್ನೆ: 2025ರ ಶಟ್‌ಡೌನ್ ಸಮಯದಲ್ಲಿ ಬಡವರ ಆಹಾರದ ದುಡ್ಡು ಕೊಡಿ ಅಂತ ಅಮೆರಿಕದ ಕೋರ್ಟೇ ಹೇಳಿತ್ತಲ್ಲ? ಆಮೇಲೂ ಎಷ್ಟೋ ಜನಕ್ಕೆ ದುಡ್ಡು ಸಿಗಲಿಲ್ಲ. ಅಲ್ಲಿ ಕೋರ್ಟಿನ ಮಾತಿಗೆ ಬೆಲೆ ಇಲ್ವಾ?

ಬೆಲೆ ಇದೆ. ಆದರೆ ಆ ಎರಡು ವಾರ ಮಾತಾಡಿದ್ದು ಒಂದು ಕೋರ್ಟಲ್ಲ, ನಾಲ್ಕು. ಒಂದು ‘ಕೊಡು’ ಅಂದರೆ ಇನ್ನೊಂದು ‘ಸ್ವಲ್ಪ ತಡಿ’ ಅಂದಿತು.

ಯೋಜನೆಯ ಹೆಸರು ಸ್ನ್ಯಾಪ್. ಹಳಬರು ಈಗಲೂ ಫುಡ್ ಸ್ಟ್ಯಾಂಪ್ ಅಂತಲೇ ಕರೆಯುತ್ತಾರೆ. ನಮ್ಮ ರೇಷನ್ ಹಾಗೆಯೇ, ಆದರೆ ಅಕ್ಕಿಯ ಬದಲು ಪ್ರತಿ ತಿಂಗಳು ಒಂದು ಕಾರ್ಡಿಗೆ ದುಡ್ಡು ಬೀಳುತ್ತದೆ. ಅಂಗಡಿಯಲ್ಲಿ ಕಾರ್ಡ್ ಉಜ್ಜಿ ಹಾಲು, ಬ್ರೆಡ್, ತರಕಾರಿ ತರಬಹುದು. ಸೋಪು ತರುವಂತಿಲ್ಲ. ಬಿಸಿ ಬಿಸಿ ಕೋಳಿಯೂ ಇಲ್ಲ. ಅದೇ ಕೋಳಿ ತಣ್ಣಗಿದ್ದರೆ ಆಗಬಹುದು! 2025ರಲ್ಲಿ ಸುಮಾರು 4.2 ಕೋಟಿ ಜನ, ಅಂದರೆ ಎಂಟರಲ್ಲಿ ಒಬ್ಬರು, ಇದನ್ನು ನಂಬಿಕೊಂಡಿದ್ದರು. ಆಗ ತಿಂಗಳ ಖರ್ಚು 800 ಕೋಟಿ ಡಾಲರಿಗೂ ಜಾಸ್ತಿ.

ನಮ್ಮಲ್ಲಿ ಬಜೆಟ್ ತಡವಾದರೆ ಲೇಖಾನುದಾನ ಇದೆ. ಬಜೆಟ್ಟೇ ಬಿದ್ದುಹೋದರೆ ಸರ್ಕಾರವೂ ಬೀಳುತ್ತದೆ. ಅಮೆರಿಕದಲ್ಲಿ ಸರ್ಕಾರ ಬೀಳುವುದಿಲ್ಲ, ಬಾಗಿಲು ಹಾಕುತ್ತದೆ. ಶಟ್‌ಡೌನ್ ಅಂದರೆ ಇದೇ. ಅಕ್ಟೋಬರ್ 1ಕ್ಕೆ ಅಲ್ಲಿ ಹೊಸ ಹಣಕಾಸು ವರ್ಷ. ಅಷ್ಟರೊಳಗೆ ಸಂಸತ್ತಿನಲ್ಲಿ ಖರ್ಚಿನ ಮಸೂದೆ ಪಾಸಾಗಲಿಲ್ಲ. ಅಕ್ಟೋಬರ್ ತಿಂಗಳ ಸ್ನ್ಯಾಪ್ ಹೇಗೋ ದಾಟಿತು. ನವೆಂಬರ್ 1ಕ್ಕೆ ಸಿಕ್ಕಿಹಾಕಿಕೊಂಡರು.

ಹಾಗಂತ ಕೈ ಪೂರ್ತಿ ಖಾಲಿ ಇರಲಿಲ್ಲ. ಇಂಥ ಹೊತ್ತಿಗೆ ಅಂತಲೇ ಒಂದು ಆಪತ್ಕಾಲದ ಗಂಟು ಇತ್ತು. ಅದರಲ್ಲಿ ಹಂಚಲು ಸಿಗುವಂಥದ್ದು ಸುಮಾರು 465 ಕೋಟಿ ಡಾಲರ್. ಶಟ್‌ಡೌನ್ ಆದರೆ ಆ ಗಂಟು ಬಿಚ್ಚಬಹುದು ಅಂತ ಸ್ನ್ಯಾಪ್ ನಡೆಸುವ ಕೃಷಿ ಇಲಾಖೆಯೇ ಸೆಪ್ಟೆಂಬರ್ ಕೊನೆಯ ಯೋಜನೆಯಲ್ಲಿ ಬರೆದಿತ್ತು. ಅಕ್ಟೋಬರ್ ಕೊನೆಗೆ ಅದೇ ಇಲಾಖೆ ರಾಗ ಬದಲಿಸಿತು: ಈ ದುಡ್ಡು ಚಂಡಮಾರುತ, ಪ್ರವಾಹದಂಥ ಅನಾಹುತಕ್ಕೆ, ಮಾಮೂಲಿ ಹಂಚಿಕೆಗಲ್ಲ. ತನ್ನ ವೆಬ್‌ಸೈಟಿನಲ್ಲಿ ‘ಬಾವಿ ಬತ್ತಿದೆ’ ಅಂತಲೂ ಹಾಕಿತು. ಜಗಳ ಹುಟ್ಟಿದ್ದು ಇಲ್ಲಿ.

25 ರಾಜ್ಯಗಳು ಮತ್ತು ವಾಷಿಂಗ್ಟನ್ ಡಿಸಿ ಸೇರಿ ಮ್ಯಾಸಚೂಸೆಟ್ಸ್‌ನಲ್ಲಿ ಕೇಸು ಹಾಕಿದವು. ಕೆಲವು ನಗರಗಳು, ಸಂಘ ಸಂಸ್ಥೆಗಳು ರೋಡ್ ಐಲೆಂಡ್‌ನಲ್ಲಿ ಇನ್ನೊಂದು ಹಾಕಿದವು. ಅಕ್ಟೋಬರ್ 31ರ ಒಂದೇ ದಿನ ಎರಡೂ ಕಡೆ ಸರ್ಕಾರಕ್ಕೆ ಹಿನ್ನಡೆ. ಮ್ಯಾಸಚೂಸೆಟ್ಸ್‌ನಲ್ಲಿ ನ್ಯಾಯಾಧೀಶೆ ಇಂದಿರಾ ತಲವಾನಿ (ತಂದೆ ಭಾರತದಿಂದ ಹೋದವರು) ಹಂಚಿಕೆ ನಿಲ್ಲಿಸುವುದು ಕಾನೂನಿಗೆ ವಿರುದ್ಧ ಅಂತ ಕಾಣುತ್ತದೆ ಎಂದರು. ರೋಡ್ ಐಲೆಂಡ್‌ನ ಜಾನ್ ಮೆಕಾನೆಲ್ ಗಂಟು ಬಿಚ್ಚಿ ಎಂದೇ ಆದೇಶ ಕೊಟ್ಟರು. ನವೆಂಬರ್ 3ರೊಳಗೆ ಪೂರ್ತಿ ಕೊಡಿ, ಇಲ್ಲವೇ 5ರೊಳಗೆ ಇದ್ದಷ್ಟು ಕೊಡಿ ಅಂತ ಎರಡು ದಾರಿ ಇಟ್ಟರು.

ಸರ್ಕಾರ ‘ಇದ್ದಷ್ಟು’ ದಾರಿ ಹಿಡಿಯಿತು. ಕೇಳಲು ಸುಲಭ, ಅಲ್ವಾ? ಅರ್ಧ ದುಡ್ಡಿದೆ, ಅರ್ಧ ಹಂಚಿದರಾಯಿತು. ಆದರೆ ಸ್ನ್ಯಾಪ್ ಲೆಕ್ಕ ಹಾಗಿಲ್ಲ.

ನಾಲ್ಕು ಜನರ ಮನೆಗೆ ಆಗ ತಿಂಗಳಿಗೆ ಗರಿಷ್ಠ 994 ಡಾಲರ್. ಎಲ್ಲ ಕಡಿತ ಕಳೆದು ಆ ಮನೆಯ ಆದಾಯ 1,000 ಡಾಲರ್ ಅಂದುಕೊಳ್ಳಿ. ಅದರ ಶೇ. 30, ಅಂದರೆ 300, ಅವರೇ ಊಟಕ್ಕೆ ಹಾಕಬೇಕು ಅಂತ ಲೆಕ್ಕ. ಉಳಿದ 694 ಕಾರ್ಡಿಗೆ ಬರುತ್ತದೆ. ಈಗ ಅರ್ಧ ಮಾಡಿ. ಅರ್ಧವಾಗುವುದು 694 ಅಲ್ಲ, ಮೇಲಿನ 994. ಅದು 497ಕ್ಕೆ ಇಳಿಯಿತು. ಅದರಲ್ಲಿ 300 ಕಳೆದರೆ ಕೈಗೆ ಬರುವುದು 197. ಅರ್ಧ ಅಂದಿದ್ದು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಆಯಿತು. ಆದಾಯ ಇನ್ನೂ ಸಾಕಷ್ಟು ಜಾಸ್ತಿ ಇರುವ ಇಂಥ ಮನೆಗೆ ಸೊನ್ನೆ. ಆಮೇಲೆ ಸರ್ಕಾರ ಗರಿಷ್ಠ ಮೊತ್ತದ ಮೇಲಿನ ಕಡಿತವನ್ನು ಅರ್ಧದಿಂದ ಶೇ. 35ಕ್ಕೆ ಇಳಿಸಿತು. ಆದರೆ ಎಷ್ಟೇ ಆದರೂ ಪ್ರತಿ ರಾಜ್ಯ ತನ್ನ ಕಂಪ್ಯೂಟರಿನಲ್ಲಿ ಮನೆ ಮನೆಯ ಲೆಕ್ಕ ಮತ್ತೆ ಹಾಕಬೇಕಿತ್ತು. ಕೆಲವು ರಾಜ್ಯಗಳಿಗೆ ಇದಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯಬಹುದು ಅಂತ ಇಲಾಖೆಯ ಅಧಿಕಾರಿಯೇ ಕೋರ್ಟಿಗೆ ಬರೆದುಕೊಟ್ಟರು. ಪೂರ್ತಿ ಕೊಡುವುದಕ್ಕಿಂತ ಅರ್ಧ ಕೊಡುವುದೇ ಕಷ್ಟದ ಕೆಲಸವಾಗಿತ್ತು. ನಿಮ್ಮ ಪ್ರಶ್ನೆಗೆ ಮೊದಲ ಉತ್ತರ ಇದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಯ ಜೊತೆ ಸಾಫ್ಟ್‌ವೇರೂ ಸೇರಿಕೊಂಡಿತ್ತು.

ಮೆಕಾನೆಲ್‌ಗೆ ತಾಳ್ಮೆ ಮುಗಿಯಿತು. ನವೆಂಬರ್ 6ರಂದು, ನಾಳೆಯೊಳಗೆ ಪೂರ್ತಿ ಕೊಡಿ ಅಂದರು. ಉಳಿದ ದುಡ್ಡು ಎಲ್ಲಿಂದ? ಆಮದು ಸುಂಕದ ಒಂದು ಪಾಲು ಕೃಷಿ ಇಲಾಖೆಗೆ ಹೋಗಲಿ ಅಂತ 1935ರ ಒಂದು ಕಾನೂನು ಹೇಳುತ್ತದೆ, ಅಲ್ಲಿಂದ. ಅದು ಶಾಲಾ ಮಕ್ಕಳ ಊಟದ ದುಡ್ಡು, ಮುಟ್ಟುವುದಿಲ್ಲ ಅಂತ ಸರ್ಕಾರ ವಾದಿಸಿತು. ಈ ವಾದ ಪೂರ್ತಿ ಪೊಳ್ಳಲ್ಲ, ಮಕ್ಕಳ ಊಟ ನಿಜವಾಗಿಯೂ ಬಹುಪಾಲು ಅದರಿಂದಲೇ ನಡೆಯುತ್ತದೆ. ಆದರೆ ಅಕ್ಟೋಬರಿನಲ್ಲಿ ಬಸುರಿಯರ ಮತ್ತು ಪುಟ್ಟ ಮಕ್ಕಳ ಇನ್ನೊಂದು ಯೋಜನೆಗೆ ಇದೇ ಸುಂಕದ ದುಡ್ಡಿನಿಂದ 30 ಕೋಟಿ ಡಾಲರ್ ತೆಗೆದುಕೊಟ್ಟವರೂ ಇವರೇ. ಆಗ ಆದದ್ದು ಈಗ ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ಒಪ್ಪುವಂಥ ಉತ್ತರ ನನಗಂತೂ ಕಾಣಲಿಲ್ಲ.

ನವೆಂಬರ್ 7ರ ಶುಕ್ರವಾರ ನಡೆದದ್ದು ಗೊಂದಲದ ಸಂತೆ. ಪೂರ್ತಿ ದುಡ್ಡು ಕೊಡಲು ತಯಾರಾಗುತ್ತಿದ್ದೇವೆ ಅಂತ ಇಲಾಖೆ ರಾಜ್ಯಗಳಿಗೆ ತಿಳಿಸಿತು. ಅದೇ ದಿನ ಸರ್ಕಾರ ಮೇಲ್ಮನವಿ ಕೋರ್ಟಿಗೆ ಓಡಿತು. ಅಲ್ಲಿ ತಕ್ಷಣ ತಡೆ ಸಿಗದಿದ್ದಾಗ ಸುಪ್ರೀಂ ಕೋರ್ಟಿಗೆ ಓಡಿತು. ರಾತ್ರಿ ನ್ಯಾಯಮೂರ್ತಿ ಕೇತಾಂಜಿ ಬ್ರೌನ್ ಜಾಕ್ಸನ್ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರು. ಇವರು ಟ್ರಂಪ್ ಅವರ ಎದುರು ಪಕ್ಷದ ಬೈಡನ್ ನೇಮಿಸಿದವರು, ಹಾಗಾಗಿ ತುಂಬಾ ಜನ ಹುಬ್ಬೇರಿಸಿದರು. ಆದರೆ ಅವರು ಕೊಟ್ಟದ್ದು ತೀರ್ಪಲ್ಲ, ಮೇಲ್ಮನವಿ ಕೋರ್ಟು ಬೇಗ ತೀರ್ಮಾನಿಸಲಿ ಅಂತ ಸ್ವಲ್ಪ ಸಮಯ.

ಅಷ್ಟರಲ್ಲಿ ಕೆಲವು ರಾಜ್ಯಗಳು ಪೂರ್ತಿ ದುಡ್ಡು ಕಾರ್ಡಿಗೆ ಹಾಕಿಯೂ ಆಗಿತ್ತು! ಮರುದಿನ ಇಲಾಖೆಯಿಂದ ಕಾಗದ ಬಂತು: ಹಾಕಿದ್ದನ್ನು ತಕ್ಷಣ ಹಿಂದಕ್ಕೆ ಪಡೆಯುವ ಕ್ರಮ ಕೈಗೊಳ್ಳಿ. ಜನ ಆ ದುಡ್ಡಿನಲ್ಲಿ ತಂದ ಹಾಲು ಕುಡಿದೂ ಆಗಿರುತ್ತದೆ, ಹಿಂದಕ್ಕೆ ಪಡೆಯುವುದು ಏನನ್ನು? ವಿಸ್ಕಾನ್ಸಿನ್ ಗವರ್ನರ್ ಟೋನಿ ಎವರ್ಸ್ ಕೊಟ್ಟ ಉತ್ತರ ಒಂದೇ ಪದ: ‘ಇಲ್ಲ’. ಆ ಕಾಗದಕ್ಕೂ ತಲವಾನಿ ತಡೆ ಕೊಟ್ಟರು. ನವೆಂಬರ್ 9ರ ರಾತ್ರಿ ಮೇಲ್ಮನವಿ ಕೋರ್ಟೂ ಸರ್ಕಾರದ ಕೋರಿಕೆ ತಳ್ಳಿಹಾಕಿತು. ಆದರೆ 11ರಂದು ಸುಪ್ರೀಂ ಕೋರ್ಟು ತಡೆಯಾಜ್ಞೆಯನ್ನು ಎರಡು ದಿನ ಮುಂದಕ್ಕೆ ಹಾಕಿತು. ಈ ಸಲ ಜಾಕ್ಸನ್ ಒಪ್ಪಲಿಲ್ಲ.

ಮಾರನೆಯ ರಾತ್ರಿ, ಕೊನೆಗೂ ಸಂಸತ್ತಿನಲ್ಲಿ ಪಾಸಾದ ಖರ್ಚಿನ ಮಸೂದೆಗೆ ಟ್ರಂಪ್ ಸಹಿ ಹಾಕಿದರು. 43 ದಿನದ ಶಟ್‌ಡೌನ್ ಮುಗಿಯಿತು, 2026ರ ಸೆಪ್ಟೆಂಬರ್ 30ರವರೆಗೆ ಸ್ನ್ಯಾಪ್‌ಗೆ ದುಡ್ಡು ಸಿಕ್ಕಿತು. ಸುಪ್ರೀಂ ಕೋರ್ಟಿನಿಂದ ಸರ್ಕಾರ ತನ್ನ ಅರ್ಜಿ ವಾಪಸ್ ತೆಗೆದುಕೊಂಡಿತು. ಹಾಗಾಗಿ ಆಪತ್ಕಾಲದ ಗಂಟನ್ನು ಬಿಚ್ಚಲೇಬೇಕಾ, ಸುಂಕದ ದುಡ್ಡನ್ನು ಊಟಕ್ಕೆ ಹಾಕು ಅಂತ ಒಬ್ಬ ನ್ಯಾಯಾಧೀಶರು ಹೇಳಬಹುದಾ ಅನ್ನುವುದರ ಬಗ್ಗೆ ಆ ದೊಡ್ಡ ಕೋರ್ಟು ಬಾಯಿಬಿಡುವ ಪ್ರಸಂಗವೇ ಬರಲಿಲ್ಲ.