ಟ್ಯಾಲಿಯಲ್ಲಿ ಓಡುವ ಕೈ ಎಕ್ಸೆಲ್‌ನಲ್ಲಿ ಯಾಕೆ ನಿಲ್ಲುತ್ತದೆ?

ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವರ ಕೈಯನ್ನು ಒಮ್ಮೆ ಗಮನಿಸಿ. ಎಫ್8 ಒತ್ತಿದರೆ ಸೇಲ್ಸ್, ಎಫ್9 ಒತ್ತಿದರೆ ಪರ್ಚೇಸ್. ಎಂಟರ್ ಒತ್ತುತ್ತಾ ಮುಂದೆ ಹೋಗಿ ಕಂಟ್ರೋಲ್-ಎ ಒತ್ತಿದರೆ ವೋಚರ್, ಅಂದರೆ ಆ ವ್ಯವಹಾರದ ದಾಖಲೆ, ಸೇವ್. ಮೌಸ್ ಪಕ್ಕದಲ್ಲಿ ಸುಮ್ನೆ ಬಿದ್ದಿರುತ್ತದೆ.

ಅದೇ ಕುರ್ಚಿಯಲ್ಲಿ ಕೂತು ಅವರೇ ಎಕ್ಸೆಲ್ ತೆರೆದರೆ ಕಥೆಯೇ ಬೇರೆ. ಎರಡು ಸಾವಿರ ಸಾಲಿನ ಪಟ್ಟಿ ಸೆಲೆಕ್ಟ್ ಮಾಡಲು ಮೌಸ್ ಹಿಡಿದು ಎಳೆಯುತ್ತಾರೆ. ಪರದೆ ಮೊದಲು ನಿಧಾನಕ್ಕೆ ಸರಿಯುತ್ತದೆ, ಆಮೇಲೆ ಒಮ್ಮೆಲೇ ಓಡಿ ಕೊನೆಯ ಸಾಲನ್ನೂ ದಾಟಿ ಹೋಗುತ್ತದೆ. ಬೆರಳು ಜಾರಿದರೆ ಮತ್ತೆ ಮೊದಲಿಂದ ಶುರು. ಮೊದಲ ಸೆಲ್‌ನಲ್ಲಿ ನಿಂತು ಕಂಟ್ರೋಲ್-ಶಿಫ್ಟ್ ಜೊತೆ ಕೆಳಬಾಣ ಒತ್ತಿದ್ದರೆ ಕೆಲಸ ಮುಗಿಯುತ್ತಿತ್ತು. ನಡುವೆ ಖಾಲಿ ಸೆಲ್ ಸಿಕ್ಕರೆ ಅಲ್ಲಿ ನಿಲ್ಲುತ್ತದೆ, ಬಾಣವನ್ನು ಮತ್ತೆ ಒತ್ತಬೇಕು, ಅಷ್ಟೇ.

ಅಕೌಂಟ್ಸ್ ಕೆಲಸದವರಿಗೆ ತರಬೇತಿ ಕೊಡುವಾಗ ನನಗೆ ಇದು ಮತ್ತೆ ಮತ್ತೆ ಕಾಣುತ್ತದೆ. ಇವರಿಗೆ ಕೈಚಳಕ ಇಲ್ಲ ಅಂತ ಯಾರೂ ಹೇಳುವಂತಿಲ್ಲ. ಬೆಂಗಳೂರಿನ ಟ್ಯಾಲಿ, ಕಂಪ್ಯೂಟರ್ ಹೆಚ್ಚಾಗಿ ಕೀಲಿಗಳಿಂದಲೇ ನಡೆಯುತ್ತಿದ್ದ ಡಾಸ್ ಕಾಲದಲ್ಲಿ ಬೆಳೆದ ಸಾಫ್ಟ್‌ವೇರ್, ಅದನ್ನು ಕಲಿಯುವುದೇ ಕೀಲಿಗಳ ಮೂಲಕ. ಎಕ್ಸೆಲ್ ಅನ್ನು ಹೆಚ್ಚಿನವರು ಮೆನು ನೋಡಿ, ಕ್ಲಿಕ್ ಮಾಡಿ ಕಲಿತಿರುತ್ತಾರೆ. ಕೈ ಕಲಿತದ್ದನ್ನೇ ಮಾಡುತ್ತದೆ.

1980ರಲ್ಲಿ ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್, ಅಲೆನ್ ನ್ಯೂವೆಲ್ ಎಂಬ ಸಂಶೋಧಕರು ಇಂಥ ಕೆಲಸಕ್ಕೆ ಸಮಯದ ಲೆಕ್ಕ ಹಾಕಿದರು. ಚೆನ್ನಾಗಿ ಟೈಪ್ ಮಾಡುವವರಿಗೆ ಒಂದು ಕೀಲಿ ಒತ್ತಲು ಸುಮಾರು 0.2 ಸೆಕೆಂಡ್. ಕೈ ಕೀಬೋರ್ಡಿನಿಂದ ಮೌಸಿಗೆ ಹೋಗಲು 0.4. ಮೌಸ್‌ನಿಂದ ಗುರಿ ಮುಟ್ಟಲು 1.1. ಈ ಲೆಕ್ಕದಲ್ಲಿ ಮೆನು ತೆರೆದು ಕಾಪಿ ಆರಿಸಿ ಕೈ ವಾಪಸ್ ಬರುವಷ್ಟರಲ್ಲಿ ಮೂರು ಸೆಕೆಂಡ್ ದಾಟುತ್ತದೆ. ಕಂಟ್ರೋಲ್-ಸಿ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ.

ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಅಂಕಿ ಇದೆ. ಮುಂದೇನು ಅಂತ ಮನಸ್ಸಿನಲ್ಲಿ ಯೋಚಿಸಿಕೊಳ್ಳಲು 1.35 ಸೆಕೆಂಡ್. ಎಲ್ಲಕ್ಕಿಂತ ದುಬಾರಿ ಅದೇ. ಯಾವ ಕೀಲಿ ಅಂತ ನೆನಪಿಸಿಕೊಳ್ಳುತ್ತಾ ಕೂತರೆ ಶಾರ್ಟ್‌ಕಟ್‌ನ ಲಾಭ ಅಲ್ಲೇ ಕರಗುತ್ತದೆ. ಹಾಗಾಗಿ ನೂರು ಶಾರ್ಟ್‌ಕಟ್‌ಗಳ ಚಾರ್ಟ್ ಗೋಡೆಗೆ ಅಂಟಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ನೀವು ದಿನಕ್ಕೆ ಹತ್ತಾರು ಸಲ ಮಾಡುವ ಒಂದೇ ಕೆಲಸ ಆರಿಸಿಕೊಳ್ಳಿ. ಮೊತ್ತ ಹಾಕುವುದು ಅಂತಿಟ್ಟುಕೊಳ್ಳಿ, ಅದಕ್ಕೆ ಆಲ್ಟ್ ಜೊತೆ ಸಮ ಚಿಹ್ನೆ. ಇವತ್ತಿನ ತಾರೀಖು ಬೇಕಾದರೆ ಕಂಟ್ರೋಲ್ ಜೊತೆ ಸೆಮಿಕೋಲನ್. ಅದು ಯೋಚಿಸದೆ ಬರುವವರೆಗೆ ಇನ್ನೊಂದಕ್ಕೆ ಕೈ ಹಾಕಬೇಡಿ.

ಕನ್ನಡ ಟೈಪ್ ಮಾಡುವವರಿಗೆ ಒಂದು ಮಾತು. ಯೂನಿಕೋಡ್‌ನಲ್ಲಿ ‘ಸ್ತ್ರೀ’ ಅಂತ ಬರೆದು ಅಳಿಸಬೇಕಾದರೆ ಬ್ಯಾಕ್‌ಸ್ಪೇಸ್ ಸಾಮಾನ್ಯವಾಗಿ ಒಂದೊಂದೇ ಕೋಡ್ (ಅಕ್ಷರ ಕಟ್ಟುವ ಬಿಡಿ ತುಂಡು) ತೆಗೆಯುತ್ತದೆ, ಅಂದರೆ ಆರು ಸಲ ಒತ್ತಬೇಕು. ಅಕ್ಷರದ ಎಡಕ್ಕೆ ಕರ್ಸರ್ ಇಟ್ಟು ಡಿಲೀಟ್ ಒತ್ತಿದರೆ ಹಲವು ಕಡೆ ಇಡೀ ಅಕ್ಷರ ಒಟ್ಟಿಗೆ ಹೋಗುತ್ತದೆ. ಪದವೇ ಬೇಡವಾದರೆ ಕಂಟ್ರೋಲ್-ಬ್ಯಾಕ್‌ಸ್ಪೇಸ್. ಒತ್ತಕ್ಷರ ಜಾಸ್ತಿ ಇರುವ ನಮ್ಮ ಭಾಷೆಯಲ್ಲಿ ಇದರಿಂದ ಉಳಿಯುವ ಶ್ರಮ ಸಣ್ಣದಲ್ಲ.

ಮೌಸ್ ಹಿಡಿದವರು ಹಿಂದುಳಿದವರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಫೋಟೋ ಕತ್ತರಿಸಲು, ಲಗ್ನಪತ್ರಿಕೆಯ ಮೂಲೆಗೆ ಬಳ್ಳಿ ಕೂರಿಸಲು ಮೌಸೇ ಸರಿ. ಅಲ್ಲಿ ಕಣ್ಣು ಹೋದ ಕಡೆ ಕೈ ಹೋಗಬೇಕು, ಅಲ್ವಾ? ಆಗಲೂ ಎಡಗೈ ಖಾಲಿ ಇರುತ್ತದೆ. ಝಡ್, ಎಕ್ಸ್, ಸಿ, ವಿ ನಾಲ್ಕೂ ಕೀಬೋರ್ಡಿನ ಎಡ ಕೆಳತುದಿಯಲ್ಲಿ, ಕಂಟ್ರೋಲ್ ಪಕ್ಕದಲ್ಲೇ ಸಾಲಾಗಿವೆ. ಬಲಗೈ ಆರಿಸಲಿ, ಎಡಗೈ ಕಾಪಿ ಮಾಡಲಿ. ನಾನು ಕಲಿಸುವವರಲ್ಲಿ ಅತಿ ಬೇಗ ಕೆಲಸ ಮುಗಿಸುವವರು ಹೀಗೆ ಎರಡನ್ನೂ ಬಳಸುವವರೇ.

ಟ್ಯಾಲಿಯಿಂದ ಬಂದವರು ಒಂದು ಕಡೆ ಎಚ್ಚರ ಇರಬೇಕು. ಅಲ್ಲಿ ಸೇವ್ ಮಾಡುವ ಕಂಟ್ರೋಲ್-ಎ, ವರ್ಡ್‌ನಲ್ಲಿ ಇಡೀ ಪತ್ರವನ್ನು ಸೆಲೆಕ್ಟ್ ಮಾಡುತ್ತದೆ. ಅಭ್ಯಾಸಬಲದಿಂದ ಅದನ್ನೊತ್ತಿ ಮುಂದಿನ ಅಕ್ಷರ ಟೈಪ್ ಮಾಡಿದರೆ ಪತ್ರವೆಲ್ಲ ಮಾಯ. ಆಗ ಗಾಬರಿಯಾಗಿ ಫೈಲ್ ಮುಚ್ಚಬೇಡಿ, ಸೇವ್ ಕೂಡ ಮಾಡಬೇಡಿ. ಪತ್ರ ವಾಪಸ್ ಕಾಣುವವರೆಗೆ ಕಂಟ್ರೋಲ್-ಝಡ್ ಒತ್ತಿ.