ಸಹಿಷ್ಣುತೆ ಅಂದರೆ ಸಹನೆ ಅಲ್ಲ

ಹೋದ ವಾರ ಮಂಡ್ಯದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಪಕ್ಕದ ಮನೆಯವರು ಒಂದು ಕರಪತ್ರ ಹಿಡಿದುಕೊಂಡು ಬಂದರು. ಅವರ ಒಂಬತ್ತು ವರ್ಷದ ಮಗನಿಗೆ ಟೈಪ್ 1 ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಬೇಕು. ಕರಪತ್ರದಲ್ಲಿ 'ದೇಹ ತನ್ನ ಮೇಲಿನ ಸಹನೆ ಕಳೆದುಕೊಂಡಾಗ ಈ ಕಾಯಿಲೆ ಬರುತ್ತದೆ' ಅಂತ ಅಚ್ಚಾಗಿತ್ತು. "ಇವ್ನಿಗೆ ಮೂಗಿನ ತುದೀಲೇ ಕೋಪ ಕಣಣ್ಣ, ಅದಕ್ಕೇ ಹಿಂಗಾಯ್ತಾ?" ಅಂತ ಕೇಳಿದರು.

ಸಹನೆ ಅನ್ನುವ ಪದವನ್ನು ಹೀಗೆ ಬಳಸುವುದನ್ನು ಎಷ್ಟೋ ಸಲ ನೋಡಿ ಸುಮ್ನಿದ್ದೆ. ಇನ್ನು ಆಗಲ್ಲ.

ಸೋಂಕಿನ ವಿರುದ್ಧ ಹೋರಾಡುವ ಕೋಶಗಳು ನಮ್ಮದೇ ದೇಹದ ಮೇಲೆ ದಾಳಿ ಮಾಡದಿರುವುದಕ್ಕೆ ವೈದ್ಯಕೀಯದಲ್ಲಿ ಟಾಲರೆನ್ಸ್ ಅನ್ನುತ್ತಾರೆ. ಅದಕ್ಕೆ ನಾವು ಸಹಿಷ್ಣುತೆ ಅಂದೆವು. ಪದಕ್ಕೆ ಪದ ಇಟ್ಟರೆ ತಪ್ಪೇನಿಲ್ಲ. ಲ್ಯಾಟಿನ್‌ನ ತೊಲೆರಾರೆ ಅಂದರೆ ಹೊರು, ತಾಳು. ತಕ್ಕಡಿಗೆ ಹೇಳುವ 'ತುಲಾ' ಕೂಡ ಅದೇ ಹಳೆಯ ಬೇರಿನದು. ಸಹಿಷ್ಣುತೆಯ ಬೇರು ಸಂಸ್ಕೃತದ 'ಸಹ್'. ವೇದದ ಭಾಷೆಯಲ್ಲಿ ಅದಕ್ಕೆ ಗೆಲ್ಲು, ಮೇಲುಗೈ ಪಡೆ ಅನ್ನುವ ಅರ್ಥ. ಸಹಸ್ ಅಂದರೆ ಬಲ, ಸಾಹಸ ಬಂದದ್ದು ಅಲ್ಲಿಂದಲೇ. ತಡೆದುಕೊ, ಸಹಿಸಿಕೊ ಅನ್ನುವ ಅರ್ಥ ಬರಬರುತ್ತಾ ಗಟ್ಟಿಯಾಯಿತು. ಅಂದರೆ ಸಹನೆ, ಸಾಹಸ ಎರಡೂ ಒಂದೇ ತಾಯಿಯ ಮಕ್ಕಳು. ಇನ್ನು ನಮ್ಮದೇ ಆದ ತಾಳ್ಮೆ ಇದೆ, ಅದು ತಾಳು ಅನ್ನುವುದರಿಂದ ಆದದ್ದು. ಇಷ್ಟೂ ಪದಗಳ ಹಿಂದೆ ನೋವು ನುಂಗಿಕೊಂಡು ನಿಂತಿರುವ ಒಬ್ಬ ಮನುಷ್ಯ ಇದ್ದಾನೆ. ಬಸ್ಸಿನಲ್ಲಿ ಕಾಲು ತುಳಿದವರನ್ನು ನಾವು ಸಹಿಸಿಕೊಳ್ಳುತ್ತೇವೆ. ಕೋಪ ಬಂದಿರುತ್ತದೆ, ತೋರಿಸಲ್ಲ, ಅಷ್ಟೇ ಅಲ್ವಾ?

ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ ಟಿ ಕೋಶ. ಅವುಗಳ ವಿಷಯದಲ್ಲಿ ಈ ಮನುಷ್ಯನೇ ಇಲ್ಲ. ಕೋಪ ಮಾಡಿಕೊಳ್ಳುವಂಥ, ಅಂದರೆ ನಮ್ಮ ಮೈ ಮೇಲೇ ಬೀಳುವಂಥ ಕೋಶವನ್ನು ದೇಹ ಮೊದಲೇ ತೆಗೆದುಹಾಕಿರುತ್ತದೆ. ತೆಗೆಯುವ ಜಾಗ ಥೈಮಸ್, ಎದೆಮೂಳೆಯ ಹಿಂದೆ, ಹೃದಯಕ್ಕಿಂತ ಸ್ವಲ್ಪ ಮೇಲೆ. ಕುತ್ತಿಗೆಯ ಥೈರಾಯ್ಡ್ ಬೇರೆ, ದಯವಿಟ್ಟು ಬೆರೆಸಬೇಡಿ. ಟಿ ಕೋಶದ 'ಟಿ' ಈ ಥೈಮಸ್ಸಿನದೇ. ಅದು ಕೆಲಸಕ್ಕೆ ಬಾರದ ಅಂಗ ಅಂತಲೇ ಬಹಳ ಜನ ತಿಳಿದಿದ್ದರು. 1961ರಲ್ಲಿ ಲಂಡನ್ನಿನಲ್ಲಿದ್ದ ಜಾಕ್ ಮಿಲ್ಲರ್, ಆಗಷ್ಟೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದರೆ ಅವು ಸೋಂಕು ತಡೆಯಲಾರವು, ಬೇರೆ ಇಲಿಯ ಚರ್ಮ ಕಸಿ ಮಾಡಿದರೂ ತಿರಸ್ಕರಿಸಲಾರವು ಅಂತ ತೋರಿಸಿದರು.

ಇನ್ನೊಂದು ಮಾತೂ ನನಗೆ ಸರಿಬರುವುದಿಲ್ಲ. ಥೈಮಸ್ ಒಂದು ಶಾಲೆ, ಕೋಶಗಳು ಅಲ್ಲಿ ಪಾಠ ಕಲಿಯುತ್ತವೆ ಅನ್ನುವುದು. ಮೈಸೂರಿನಲ್ಲಿ ಒಬ್ಬರು ಭಾಷಣದಲ್ಲಿ ದಸರಾ ಆನೆಗಳ ಹೋಲಿಕೆ ಕೊಟ್ಟರು. ಜಂಬೂ ಸವಾರಿಗೆ ಮುಂಚೆ ಫಿರಂಗಿ ಸಿಡಿಸಿ ಆನೆಗಳಿಗೆ ಸದ್ದು ರೂಢಿ ಮಾಡಿಸುತ್ತಾರಲ್ಲ, ಹಾಗೆ ಅಂತ. ಆದರೆ ಅಲ್ಲಿ ಮೊದಲ ದಿನ ಬೆಚ್ಚಿದ ಆನೆಯೇ ಆಮೇಲೆ ಕಿವಿ ಬೀಸಿಕೊಂಡು ನಿಲ್ಲುತ್ತದೆ. ಥೈಮಸ್ಸಿನಲ್ಲಿ ಬೆಚ್ಚಿದ ಕೋಶಕ್ಕೆ ಎರಡನೇ ದಿನ ಅನ್ನುವುದು ಸಾಮಾನ್ಯವಾಗಿ ಇರುವುದಿಲ್ಲ.

ಹೋಲಿಕೆ ಬೇಕೇ ಬೇಕು ಅಂದರೆ ಹುರುಳಿ ಹಸನು ಮಾಡುವುದನ್ನು ನೋಡಿ. ನಮ್ಮಜ್ಜಿ ಜಗಲಿ ಮೇಲೆ ಕೂತು ಮೊರದಲ್ಲಿ ಕೇರಿ ಮೊದಲು ಜೊಳ್ಳು ಹಾರಿಸುತ್ತಿದ್ದರು. ಆಮೇಲೆ ಕಾಳನ್ನು ಹರಡಿ, ಬೆರಳ ತುದಿಯಲ್ಲಿ ಒಂದೊಂದಾಗಿ ಕಲ್ಲು ಆರಿಸುತ್ತಿದ್ದರು. ಜೊಳ್ಳು ಉಪಯೋಗಕ್ಕಿಲ್ಲ, ಕಲ್ಲು ಹಲ್ಲು ಮುರಿಯುತ್ತದೆ. ಎರಡು ಬೇರೆ ಬೇರೆ ಕೆಲಸ.

ಮೂಳೆಯ ಮಜ್ಜೆಯಿಂದ ಬಂದ ಎಳೆ ಕೋಶಗಳು ಥೈಮಸ್ಸಿನ ಹೊರಪದರದಲ್ಲಿ ತಮ್ಮ ಜೀನ್ ತುಂಡುಗಳನ್ನು ಕತ್ತರಿಸಿ, ಹೇಗೆಂದರೆ ಹಾಗೆ ಜೋಡಿಸಿ, ಒಂದೊಂದೂ ಒಂದೊಂದು ಬಗೆಯ ಗ್ರಾಹಕ (ರಿಸೆಪ್ಟರ್), ಅಂದರೆ ಬೇರೆ ಕಣವನ್ನು ಗುರುತಿಸಿ ಹಿಡಿಯುವ ಕೊಂಡಿ, ಮಾಡಿಕೊಳ್ಳುತ್ತವೆ. ನಮ್ಮ ಜೀವಕೋಶಗಳು ಪ್ರೋಟೀನ್ ಚೂರುಗಳನ್ನು ಎಂಎಚ್‌ಸಿ ಅನ್ನುವ ತಟ್ಟೆಯಲ್ಲಿಟ್ಟು ತೋರಿಸುತ್ತವೆ. ಆ ತಟ್ಟೆಯನ್ನೇ ಹಿಡಿಯಲಾರದ ಕೋಶ ಜೊಳ್ಳು. ಅದು ತಾನಾಗಿ ಸಾಯುತ್ತದೆ, ಹೆಚ್ಚಿನವು ಹೋಗುವುದು ಹೀಗೇ. ಉಳಿದವು ಒಳಪದರಕ್ಕೆ ಬರುತ್ತವೆ. ಅಲ್ಲಿನ ಕೋಶಗಳು ಏರ್ ಎಂಬ ಜೀನ್‌ನ ನೆರವಿನಿಂದ, ದೇಹದ ಬೇರೆ ಅಂಗಗಳಲ್ಲಿ ಮಾತ್ರ ಆಗಬೇಕಾದ ಪ್ರೋಟೀನುಗಳನ್ನು ಚೂರುಪಾರು ತಯಾರಿಸಿ ತೋರಿಸುತ್ತವೆ. ಅದರಲ್ಲಿ ಮೇದೋಜೀರಕದಲ್ಲಿ ಆಗಬೇಕಾದ ಇನ್ಸುಲಿನ್ ಕೂಡ ಇದೆ. ಎದೆಯೊಳಗೆ ಇನ್ಸುಲಿನ್! ಅದನ್ನು ಬಿಗಿಯಾಗಿ ಕಚ್ಚಿಕೊಂಡ ಟಿ ಕೋಶವೇ ಕಲ್ಲು. ಬಹುಪಾಲು ಸಾಯುತ್ತವೆ, ಕೆಲವು ಕಾವಲು ಕೋಶಗಳಾಗಿ ಬದಲಾಗುತ್ತವೆ. ಕೊನೆಗೆ ಹೊರಗೆ ಬರುವುದು ನೂರಕ್ಕೆ ಐದೂ ಇಲ್ಲ.

ಎಷ್ಟು ಹಸನು ಮಾಡಿದರೂ ಒಂದೆರಡು ಕಲ್ಲು ತಪ್ಪಿಸಿಕೊಳ್ಳುತ್ತವೆ. ಅದು ಎಲ್ಲರ ಮೈಯಲ್ಲೂ ಇದೆ. ಅವನ್ನು ಥೈಮಸ್ಸಿನ ಹೊರಗೆ ತಡೆದು ಹಿಡಿಯುವುದು ಆ ಕಾವಲು ಕೋಶಗಳು. 2025ರ ವೈದ್ಯಕೀಯ ನೊಬೆಲ್ ಶಿಮೋನ್ ಸಕಾಗುಚಿ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ ಬಂದದ್ದು ಈ ಕೆಲಸಕ್ಕೇ. ಅಲ್ಲೂ ತಾಳ್ಮೆಯ ಮಾತಿಲ್ಲ, ಒಂದನ್ನು ಇನ್ನೊಂದು ಹಿಡಿದುಕೊಂಡಿದೆ. ಕೆಲವರಿಗೆ ಹುಟ್ಟಿನಿಂದಲೇ ಥೈಮಸ್ಸಿನಲ್ಲಿ ಇನ್ಸುಲಿನ್ ಕಡಿಮೆ ತಯಾರಾಗುತ್ತದೆ, ಅವರಿಗೆ ಟೈಪ್ 1 ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ಬೇರೆ ಕಾರಣಗಳೂ ಕೂಡಬೇಕು. ಕೋಪ ಆ ಪಟ್ಟಿಯಲ್ಲಿಲ್ಲ.

ಪಕ್ಕದ ಮನೆಯವರಿಗೆ ಮೊರದ ಕತೆಯನ್ನೇ ಹೇಳಿದೆ. "ಅಂಗಾದ್ರೆ ಕಲ್ಲು ಉಳ್ಕಂಡಿದ್ವು ಅನ್ನಿ, ಇವ್ನೇನೂ ಮಾಡಿಲ್ಲ" ಅಂದರು. ಹೂಂ ಅಂದೆ. ಕರಪತ್ರ ಇಸಿದುಕೊಂಡು ಆ ಸಾಲು ಹೊಡೆದು, ಪಕ್ಕದಲ್ಲಿ 'ಇನ್ಸುಲಿನ್ ತಯಾರಿಸುವ ಕೋಶಗಳನ್ನು ಟಿ ಕೋಶಗಳು ನಾಶ ಮಾಡುವುದರಿಂದ ಬರುವ ಕಾಯಿಲೆ' ಅಂತ ಬರೆದುಕೊಟ್ಟೆ.